ಮರದ ಗುಡಿಯ ಋಣ

ಕೊಲ್ಲಮೊಗ್ರು ಘಟ್ಟದ ಬುಡದ ಊರು. ಸುಬ್ರಹ್ಮಣ್ಯಕ್ಕೆ ಸಮೀಪ, ಕಲ್ಮಕಾರಿಗೆ ನೆರೆ. ತಲೆಯೆತ್ತಿದರೆ ಮಲೆ, ತಗ್ಗಿಸಿದರೆ ಅಡಿಕೆಯ ತೋಟ. ವರ್ಷಕ್ಕೆ 4000 ಮಿಲ್ಲಿಮೀಟರಿನ ಆಸುಪಾಸಿನಲ್ಲಿ, ಕೆಲವು ವರ್ಷ ಅದನ್ನೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ದೇವರಿಗೂ ದೈವಕ್ಕೂ ಮನೆ ಕಟ್ಟಿದ ಪೂರ್ವಿಕರು ಕೆಳಗೆ ಮುರಕಲ್ಲನ್ನಿಟ್ಟು ಮೇಲೆ ಮರವನ್ನೇರಿಸಿದರು. ದಾರಂದ, ಕಂಬ, ತೊಲೆ, ಪಕ್ಕಾಸು, ರೀಪು, ಮುಚ್ಚಿಗೆ ಎಲ್ಲವೂ ಮರವೇ. ಮೇಲೆ ಒಂದು ಕಾಲಕ್ಕೆ ಮುಳಿಹುಲ್ಲಿನ ಹೊದಿಕೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ತೆರೆದ ಮೇಲೆ ಕ್ರಮೇಣ ಹಂಚು. ಒಳಗೆ ದೈವದ ಉಯ್ಯಾಲೆ, ಮಂಚ, ಮರದ ಮೂರ್ತಿಗಳು. ಗೌಡರ ಐನ್‌ಮನೆಯ ಚಾವಡಿಯಿಂದ ಹಿಡಿದು ಊರಿನ ಮಾಡದವರೆಗೆ ಇದೇ ಕ್ರಮ. ಹಲಸು, ಹೆಬ್ಬಲಸು, ಕಿರಾಲುಬೋಗಿ, ತೇಗ ಇವು ಕೈಗೆಟಕುವಂತೆ ಬೆಳೆದಿದ್ದ ಕಾಡಿನ ಅಂಚಿನಲ್ಲಿ ಬೇರೊಂದು ಕ್ರಮವನ್ನು ಯೋಚಿಸುವ ಕಾರಣವೂ ಇರಲಿಲ್ಲ.

ಆದರೆ ಮರಕ್ಕೆ ಆಯುಸ್ಸು ಉಂಟು. ಹಂಚೊಂದು ಒಡೆದುದನ್ನು ಒಂದು ಮಳೆಗಾಲ ಯಾರೂ ನೋಡದಿದ್ದರೆ ಸಾಕು, ನೀರು ಪಕ್ಕಾಸಿನ ತಲೆಗಿಳಿಯುವುದು, ಅಲ್ಲಿಂದ ತೊಲೆಗೆ, ತೊಲೆಯ ತೇವವನ್ನು ಗೆದ್ದಲು ಬಲ್ಲುದು. ಮರುವರ್ಷ ನೇಮದ ಮುನ್ನ ಗುಡಿಸಲು ಬಂದವರು ಮಣ್ಣಿನ ಗೆರೆಯನ್ನು ಕಂಡು ಯಜಮಾನರಿಗೆ ತಿಳಿಸುವರು. ಆಚಾರಿ ಬಂದು ಉಳಿಯ ಹಿಂಬದಿಯಿಂದ ತಟ್ಟಿ ನೋಡುವನು. “ಆಚಾರ್ರೇ, ಇದನ್ನು ಇನ್ನೆಷ್ಟು ವರ್ಷ ತಳ್ಳಬಹುದು?” ಎಂಬ ಪ್ರಶ್ನೆಗೆ ಆತನು ಕೊಡುವ ಉತ್ತರ ಬಡಗಿಯದು. ಆ ಬಳಿಕ ಊರವರು ಅಂಗಳದಲ್ಲಿ ಕುಳಿತು ಮಾಡುವ ಚರ್ಚೆಯಾದರೋ, ಅವರಿಗೆ ಅರಿವಿದ್ದರೂ ಇಲ್ಲದಿದ್ದರೂ, ತತ್ತ್ವಶಾಸ್ತ್ರದ್ದು. ಕೆಟ್ಟ ತೊಲೆಯೊಂದನ್ನೇ ಬದಲಿಸೋಣ ಎಂದು ಒಬ್ಬರು. ಹೇಗೂ ಕೈ ಹಾಕಿದ ಮೇಲೆ ಮಾಡನ್ನೆಲ್ಲ ಬಿಚ್ಚಿ ಹೊಸ ಮರದಿಂದ ಕಟ್ಟೋಣ ಎಂದು ಇನ್ನೊಬ್ಬರು. ಮರವೇ ಬೇಡ, ಕಾಂಕ್ರೀಟು ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಚಿಂತೆಯಿಲ್ಲ ಎಂದು ಮೂರನೆಯವರು. ಮೂಲೆಯಲ್ಲಿ ಕುಳಿತ ವೃದ್ಧರೊಬ್ಬರು, ಅಜ್ಜನ ಕಾಲದ ಗುಡಿ ಎಂದು ಹೇಳಿಕೊಳ್ಳಲು ಆಮೇಲೆ ಏನು ಉಳಿಯುವುದು ಎಂದು ಕೇಳುವರು. ಅವರಿಗೆ ಸಾಮಾನ್ಯವಾಗಿ ಯಾರೂ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ಕಾಫಿ ಬಂದಿರುತ್ತದೆ.

ವೃದ್ಧರ ಪ್ರಶ್ನೆ ಹೊಸದಲ್ಲ. ಥೀಸಿಯಸ್ ವೀರನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರೆಂದೂ, ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಕೂಡಿಸುತ್ತ ಬಂದುದರಿಂದ ಅದು ಅದೇ ಹಡಗೋ ಬೇರೆಯೋ ಎಂದು ಪಂಡಿತರು ವಾದಿಸುತ್ತಿದ್ದರೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ನಮ್ಮಲ್ಲಿ ನಾಗಸೇನ ಭಿಕ್ಷುವು ಮಿಲಿಂದ ರಾಜನೊಡನೆ ರಥವನ್ನು ಕುರಿತು ಇದೇ ಬಗೆಯ ವಿಚಾರವನ್ನೆತ್ತಿ, ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ, ಎಲ್ಲವೂ ಕೂಡಿರುವಾಗ ನಾವಿಟ್ಟ ಹೆಸರು ಮಾತ್ರ ರಥ ಎಂದು ತೋರಿಸಿಕೊಟ್ಟನು. ಸೂಕ್ಷ್ಮವಾದ ಮಾತು. ಆದರೆ ಹಡಗಿನ ಹಲಗೆಯನ್ನು ಯಾರು ಕೊಯ್ದರು, ಆ ವಿದ್ಯೆಯನ್ನು ಯಾರಿಂದ ಕಲಿತರು, ಹೊಸ ಹಲಗೆಗೆ ಮರ ಎಲ್ಲಿಂದ ಬಂತು ಎಂಬುದನ್ನು ಅಥೆನ್ಸಿನ ಪಂಡಿತರಾಗಲಿ ಭಿಕ್ಷುವಾಗಲಿ ಕೇಳಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಕೊಲ್ಲಮೊಗ್ರಿನ ಅಂಗಳದಲ್ಲಿ ಕುಳಿತವರಿಗಾದರೋ ಅದನ್ನು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ.

ದೇವಾಲಯದ ವಿಷಯದಲ್ಲಿ ನಮ್ಮ ಆಚಾರವು ಒಂದು ಉತ್ತರವನ್ನು ಹಿಂದೆಯೇ ಕಂಡುಕೊಂಡಿದೆ. ಜೀರ್ಣೋದ್ಧಾರಕ್ಕೆ ತೊಡಗುವ ಮುನ್ನ ಅನುಜ್ಞಾಕಲಶವಾಗಬೇಕು. ಸಾನ್ನಿಧ್ಯವನ್ನು ಸಂಕೋಚಗೊಳಿಸಿ ಬಾಲಾಲಯದಲ್ಲಿ ಇರಿಸಬೇಕು. ಕೆಲಸ ಮುಗಿದ ಮೇಲೆ ಬ್ರಹ್ಮಕಲಶ. ಎಂದರೆ, ಸಾನ್ನಿಧ್ಯವು ಮರದಲ್ಲಿ ಇರುವುದಾದರೂ ಮರವೇ ಸಾನ್ನಿಧ್ಯವಲ್ಲ. ಕೇಳಿಕೊಂಡರೆ ಅದು ಎದ್ದು ಬೇರೆಡೆಗೆ ಹೋಗಿ ಕುಳಿತುಕೊಳ್ಳುವುದು, ಕರೆದರೆ ಮರಳುವುದು. ಈ ಭಾವನೆಯ ಪರಮಾವಧಿಯನ್ನು ಪುರಿಯಲ್ಲಿ ಕಾಣಬಹುದು. ಅಲ್ಲಿಯ ಜಗನ್ನಾಥ, ಬಲಭದ್ರ, ಸುಭದ್ರೆಯರ ದೇಹಗಳು ಬೇವಿನ ಮರದವು. ಅಧಿಕ ಆಷಾಢ ಬಂದ ವರ್ಷ ನವಕಲೇವರ ನಡೆಯುವುದು. 1996ರಲ್ಲಿ ನಡೆದುದು ಮತ್ತೆ 2015ರಲ್ಲಿ ನಡೆಯಿತು. ಹಳೆಯ ಮೂರ್ತಿಯ ಒಳಗಿನ ಬ್ರಹ್ಮಪದಾರ್ಥವನ್ನು ಕಣ್ಣುಕಟ್ಟಿಕೊಂಡ ಸೇವಕರು ಹೊಸ ಮೂರ್ತಿಗೆ ಸಾಗಿಸುವರು. ಹಳೆಯ ಮರವನ್ನು ಕೋಯಿಲಿ ವೈಕುಂಠವೆಂಬ ಸ್ಥಳದಲ್ಲಿ ಹೂಳುವರು. ದೈತಾಪತಿಗಳು ಮನೆಯವರು ತೀರಿಕೊಂಡಾಗ ಮಾಡುವಂತೆ ಸೂತಕವನ್ನು ಆಚರಿಸುವರು. ದೇವರು ಅಳಿಯಲಿಲ್ಲವೆಂದು ಬಲ್ಲವರೇ ಅವನ ಮರಕ್ಕಾಗಿ ಅಳುವರು. ಇದರಲ್ಲಿ ವಿರೋಧವನ್ನು ಕಾಣುವವನು ತರ್ಕವನ್ನು ಬಲ್ಲನೇ ಹೊರತು ಮನೆವಾರ್ತೆಯನ್ನು ಬಲ್ಲನೆನ್ನಲಾಗದು.

ಮರವನ್ನು ತರುವುದಕ್ಕೂ ಹೀಗೆಯೇ ಕ್ರಮವುಂಟು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಪ್ರತಿಮೆಗಾಗಿ ಕಾಡಿಗೆ ಹೋಗುವ ವಿಧಿಯನ್ನು ಹೇಳುತ್ತ, ಆರಿಸಿದ ಮರಕ್ಕೆ ರಾತ್ರಿ ಪೂಜೆ ಬಲಿಗಳನ್ನು ಸಲ್ಲಿಸಿ, ಅದರಲ್ಲಿ ನೆಲಸಿದ ಭೂತಗಳು ತಮಗೆ ಬೇರೊಂದು ವಾಸವನ್ನು ಹುಡುಕಿಕೊಳ್ಳಬೇಕೆಂದೂ ತಮ್ಮನ್ನು ಕ್ಷಮಿಸಬೇಕೆಂದೂ ಬೇಡಿಕೊಳ್ಳುವಂತೆ ವಿಧಿಸಿದ್ದಾನೆ. ಈ ಸೀಮೆಯಲ್ಲಿಯೂ ಗುಡಿಗೆ ಮರ ಕಡಿಯುವಾಗ ಮುಹೂರ್ತವನ್ನಿಟ್ಟು ಪ್ರಾರ್ಥನೆ ಮಾಡದೆ ಕೊಡಲಿಯೆತ್ತುವುದಿಲ್ಲ. ಕಡಿಯಲೇಬೇಕೆಂಬುದು ನಿಶ್ಚಯವಾಗಿರುವಾಗ ಕ್ಷಮೆ ಬೇಡುವುದು ಬರಿಯ ನಟನೆಯೆಂದು ಹೇಳುವವರುಂಟು. ಹಾಗಲ್ಲವೆಂದು ತೋರುತ್ತದೆ. ಕೇಳಿ ತೆಗೆದುಕೊಂಡವನಿಗೆ ತಾನು ತೆಗೆದುಕೊಂಡೆನೆಂಬುದರ ನೆನಪು ಇರುವುದು. ಋಣವೆಂಬುದು ಅಲ್ಲಿಂದಲೇ ಮೊದಲಾಗುವುದು.

ಹೀಗೆ ಮರ ಮುಖ್ಯವಲ್ಲ, ಸಾನ್ನಿಧ್ಯ ಮುಖ್ಯ ಎಂಬುದು ಸ್ಥಾಪಿತವಾಯಿತಷ್ಟೆ. ಹಾಗಾದರೆ ಕಾಂಕ್ರೀಟಿನ ಪಕ್ಷದವರೇ ಗೆದ್ದಂತಾಗಲಿಲ್ಲವೆ? ಸಾನ್ನಿಧ್ಯವು ಹಲಸಿನಿಂದ ಹೆಬ್ಬಲಸಿಗೆ ಹೋಗಬಹುದಾದರೆ ಸಿಮೆಂಟಿಗೂ ಹೋಗಬಹುದು. ಅವರ ಪಕ್ಷವನ್ನು ನಗೆಯಾಡಿ ತಳ್ಳುವುದು ನ್ಯಾಯವಲ್ಲ. ಮರವನ್ನು ಕೊಳ್ಳಲು ಹೊರಟರೆ ಅದರ ಬೆಲೆ ಸಾಮಾನ್ಯ ಮನೆತನಕ್ಕೆ ನಿಲುಕದು. 1963ರ ಅರಣ್ಯ ಕಾಯಿದೆ, 1976ರ ಮರಸಂರಕ್ಷಣೆಯ ಕಾಯಿದೆ ಇವು ಕಾಡನ್ನು ಉಳಿಸಲು ಬಂದವು, ಬರಬೇಕಾದವೇ. ಅವು ಬಂದ ಮೇಲೆ ಅಜ್ಜನಂತೆ ಗುಡ್ಡಕ್ಕೆ ಹೋಗಿ ತೊಲೆ ತರುವ ಕಾಲ ತೀರಿತು. ಕೆತ್ತನೆಯನ್ನು ಬಲ್ಲ ಆಚಾರಿಗಳ ಮಕ್ಕಳು ಬೇರೆ ಉದ್ಯೋಗವನ್ನು ಹಿಡಿದಿರುವರು. ಅವರು ಹಿಡಿಯಬಾರದೆಂದು ಹೇಳುವ ಹಕ್ಕು, ಅವರ ಅಪ್ಪಂದಿರಿಗೆ ಸರಿಯಾದ ಕೂಲಿ ಕೊಡದಿದ್ದ ಊರಿಗೆ ಇಲ್ಲ. ಹಳೆಯ ಗುಡಿಯ ಅಂದವನ್ನು ಹೊಗಳುವವರು ಮತ್ತೊಂದನ್ನೂ ನೆನೆಯಬೇಕು. ಆ ಅಂದದ ಮುಚ್ಚಿಗೆಯ ಕೆಳಗೆ ಯಾರು ನಿಲ್ಲಬಹುದಾಗಿತ್ತು, ಯಾರು ಅಂಗಳದಾಚೆಗೇ ನಿಲ್ಲಬೇಕಾಗಿತ್ತು? ಮದ್ರಾಸ್ ಪ್ರಾಂತದ ದೇವಾಲಯ ಪ್ರವೇಶದ ಕಾಯಿದೆ ಬಂದುದು 1947ರಲ್ಲಿ. ದೈವವನ್ನು ತನ್ನ ಮೈಮೇಲೆ ಹೊತ್ತು ಊರಿಗೆ ಅಭಯ ನುಡಿಯುವ ನಲಿಕೆಯವನು, ಪಂಬದನು, ಅದೇ ದೈವದ ಮೂರ್ತಿಯಿರುವ ಕೋಣೆಯೊಳಗೆ ಕಾಲಿಡದೆ ಬಾಳಿದನು. ಮೂರ್ತಿಯನ್ನು ಕೆತ್ತಿದ ಕೈಗೂ ಪ್ರತಿಷ್ಠೆಯಾದ ಮೇಲೆ ಅದನ್ನು ಮುಟ್ಟುವ ಅಧಿಕಾರವಿಲ್ಲ. ಹಳತೆಲ್ಲ ಹೊನ್ನಲ್ಲವೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟನ್ನೆಲ್ಲ ಒಪ್ಪಿದ ಮೇಲೂ ಏನೋ ಒಂದು ಉಳಿಯುವುದು. ಅದೇನೆಂಬುದನ್ನು ತಿಳಿಯಲು ಉಡುಪಿ ಸೀಮೆಯ ಮೆಕ್ಕೆಕಟ್ಟಿಗೆ ಹೋಗಬೇಕು.

ಶಿರಿಯಾರದ ಬಳಿಯ ಮೆಕ್ಕೆಕಟ್ಟಿನ ನಂದಿಕೇಶ್ವರನ ಗುಡಿಯಲ್ಲಿ ಮರದಿಂದ ಕಡೆದ ಭೂತಮೂರ್ತಿಗಳ ದೊಡ್ಡ ಪರಿವಾರವೇ ಇತ್ತು. ಆಳೆತ್ತರದವು, ಅದಕ್ಕೂ ಮಿಗಿಲಾದವು, ಭಾರಿಯಾದ ನಂದಿ, ಕುದುರೆಯೇರಿದವರು, ಕತ್ತಿ ಹಿಡಿದವರು, ಸ್ತ್ರೀಮೂರ್ತಿಗಳು. ಶತಮಾನಗಳ ಹೊಗೆ ಎಣ್ಣೆಗಳಲ್ಲಿ ಮಾಗಿ ಬಿರುಕುಬಿಟ್ಟಿದ್ದ ಅವುಗಳನ್ನು 1960ರ ದಶಕದ ಜೀರ್ಣೋದ್ಧಾರದಲ್ಲಿ ತೆಗೆದು, ಅದೇ ಮಾದರಿಯಲ್ಲಿ ಹೊಸತನ್ನು ಕಡೆಸಿ ಬಣ್ಣ ಹಚ್ಚಿ ನಿಲ್ಲಿಸಿದರು. ತೆಗೆದ ಹಳೆಯ ಮೂರ್ತಿಗಳು ಹೊಸದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಕಡಲ ತಡಿಯ ಭೂತಗಳು ಯಮುನೆಯ ದಡದಲ್ಲಿ ಸಾಲಾಗಿ ನಿಂತಿವೆ. ಜಗತ್ತಿನ ನಾನಾ ದೇಶದವರು ಬಂದು ಬೆರಗಾಗಿ ನೋಡುವರು. ಅಲ್ಲಿ ಅವಕ್ಕೆ ದೀಪವಿಲ್ಲ, ಹೂವಿಲ್ಲ. ಮೆಕ್ಕೆಕಟ್ಟಿನಲ್ಲಿ ಹೊಸ ಮೂರ್ತಿಗಳಿಗೆ ದೀಪವುಂಟು, ಹರಕೆಯುಂಟು. ಕಲೆಯ ಮರ್ಮಜ್ಞರು ಮಾತ್ರ ಹೊಳೆಯುವ ಬಣ್ಣವನ್ನು ಕಂಡು ಮುಖ ತಿರುಗಿಸುವುದುಂಟು.

ಇವುಗಳಲ್ಲಿ ನಿಜವಾದವು ಯಾವುವು? ದಿಲ್ಲಿಯವೆಂದು ಕಲಾವಿದನು ಹೇಳಿದರೆ, ಹರಕೆ ಹೊತ್ತು ಬಂದ ತಾಯಿಗೆ ಆ ಮಾತು ಅರ್ಥವೇ ಆಗದು. ಆಕೆಯ ಮಗುವಿನ ಜ್ವರವನ್ನು ಬಿಡಿಸಬೇಕಾದುದು ಮೆಕ್ಕೆಕಟ್ಟಿನ ನಂದಿ. ಮೆಕ್ಕೆಕಟ್ಟಿನವೆಂದರೆ, ಹೆಸರಿಲ್ಲದ ಯಾವನೋ ಆಚಾರಿಯು ಆ ಹಳೆಯ ಮೊಗಗಳಲ್ಲಿ ಕಂಡರಿಸಿದ ಭಯವನ್ನೂ ಕರುಣೆಯನ್ನೂ ಕಸಕ್ಕೆ ಸಮಾನವೆಂದಂತಾಯಿತು. ಎರಡು ಕಡೆಯೂ ಅರ್ಧಾರ್ಧ ಸತ್ಯವೆಂದು ನಡುವೆ ಗೆರೆಯೆಳೆದು ಎದ್ದುಹೋಗುವುದು ಸುಲಭ. ತೂಗಿ ನೋಡಿದರೆ ಮಾತ್ರ ತಕ್ಕಡಿ ಮೆಕ್ಕೆಕಟ್ಟಿನ ಕಡೆಗೇ ವಾಲುವುದು. ಕಾರಣ ಹರಕೆಯೊಂದೇ ಅಲ್ಲ. ಹೊಸದನ್ನು ಕಡೆಸಬೇಕಾದುದರಿಂದ ಅಂತಹ ಮೂರ್ತಿಯನ್ನು ಕಡೆಯುವ ಕೈ ಮತ್ತೊಂದು ತಲೆಮಾರಿಗೆ ಬೇಕಾಯಿತು. ಹಳೆಯದನ್ನು ಎದುರಿಗಿಟ್ಟುಕೊಂಡು ಅಳತೆ ತೆಗೆಯಬೇಕಾಯಿತು. ಅಜ್ಜನ ಉಳಿ ಎಲ್ಲಿ ಹೇಗೆ ತಿರುಗಿತ್ತೆಂದು ಮೊಮ್ಮಗನಂತಹವನೊಬ್ಬನು ಬೆರಳಿನಿಂದ ತಡವಿ ತಿಳಿಯಬೇಕಾಯಿತು. ಮೂರ್ತಿಯ ಬದಲಿಗೆ ಸಿಮೆಂಟಿನ ಎರಕವನ್ನು ಇಟ್ಟಿದ್ದರೆ ದೀಪವೂ ಹರಕೆಯೂ ಹೀಗೆಯೇ ನಡೆಯುತ್ತಿದ್ದವು. ಈ ತಡವುವಿಕೆ ಮಾತ್ರ ನಿಲ್ಲುತ್ತಿತ್ತು.

ಮೆಕ್ಕೆಕಟ್ಟಿಗೆ ದೂರವಲ್ಲದ ಬ್ರಹ್ಮಾವರದಲ್ಲಿ ಒಂದು ಆರ್ಥೊಡಾಕ್ಸ್ ಸಿರಿಯನ್ ಇಗರ್ಜಿಯಿದೆ. ಗೋವೆಯ ಅಲ್ವಾರಿಸ್ ಮಾರ್ ಜೂಲಿಯಸರು 1889ರಲ್ಲಿ ಮೇತ್ರಾಣಿಯಾದ ಮೇಲೆ ಅವರ ಆಶ್ರಯದಲ್ಲಿ ರೋಮಿನ ಆಡಳಿತವನ್ನು ಬಿಟ್ಟ ಕೊಂಕಣಿ ಮಾತಿನ ಕ್ರೈಸ್ತರ ಸಭೆ ಅದು. ಪುತ್ತೂರು ಕಡಬಗಳ ಕಡೆ ತಿರುವಾಂಕೂರಿನಿಂದ ಬಂದು ನೆಲಸಿದವರಲ್ಲಿಯೂ ಆರ್ಥೊಡಾಕ್ಸ್ ಪಂಗಡದವರುಂಟು. ಈ ಹೆಸರು ಕಿವಿಗೆ ಬಿದ್ದಾಗ, ಪೂರ್ವದೇಶದ ಇದೇ ಹೆಸರಿನ ಮತ್ತೊಂದು ಕವಲಿನವರು, ಎಂದರೆ ರಷ್ಯದವರು, ಮರದಿಂದ ಕಟ್ಟಿದ ಹಳ್ಳಿಯ ಇಗರ್ಜಿಗಳನ್ನು ನೆನೆಯದಿರುವುದು ಕಷ್ಟ. ಅಲ್ಲಿಯೂ ಕಾಡು ಮನೆಯ ಬಾಗಿಲಿಗೆ ಬಂದಿತ್ತು. ಅಲ್ಲಿಯೂ ಕೊಡಲಿಯೇ ಬರವಣಿಗೆಯಾಗಿತ್ತು.

ಒನೇಗ ಸರೋವರದ ಕಿಝಿ ದ್ವೀಪದಲ್ಲಿ 1714ರಲ್ಲಿ ಕಟ್ಟಿದ ಇಗರ್ಜಿಯ ಎತ್ತರ 37 ಮೀಟರು. ಒಂದರ ಮೇಲೊಂದು ಏರುವ 22 ಮುಕುಟಗಳು. ಒಂದು ಮೊಳೆಯೂ ಇಲ್ಲದೆ ಕಟ್ಟಿದುದೆಂದು ಜನ ಹೇಳುವುದುಂಟು. ದಿಮ್ಮಿಗಳ ಮಟ್ಟಿಗೆ ಅದು ಸರಿ, ಮುಕುಟಗಳ ಮೇಲಣ ಮರದ ಚಕ್ಕೆಗಳನ್ನು ಮೊಳೆಯಿಂದಲೇ ಕೂಡಿಸಿದ್ದಾರೆ. ಇಂತಹುದು ಹಿಂದೆ ಇರಲಿಲ್ಲ, ಮುಂದೆ ಆಗದು ಎಂದು ಮೇಸ್ತ್ರಿಯು ತನ್ನ ಕೊಡಲಿಯನ್ನು ಸರೋವರಕ್ಕೆ ಎಸೆದನೆಂಬ ಕಥೆ ಉಂಟು. ಬೇಲೂರಿನ ಶಿಲ್ಪಿಯ ಕಥೆಯನ್ನು ಬಲ್ಲ ಕನ್ನಡಿಗರಿಗೆ ಇಂತಹ ಕಥೆಗಳ ಹುಟ್ಟು ತಿಳಿಯದ್ದಲ್ಲ. ಮತವನ್ನೇ ಒಲ್ಲದ ಸರಕಾರದ ಕಾಲದಲ್ಲಿ ಎಷ್ಟೋ ಇಗರ್ಜಿಗಳು ಹಾಳಾದವು. ಇದಾದರೋ ಸಂಗ್ರಹಾಲಯವೆಂಬ ಹೆಸರಿನಲ್ಲಿ ಬದುಕಿಕೊಂಡಿತು. 1980ರ ಸುಮಾರಿಗೆ ಕಟ್ಟಡ ವಾಲಿದುದನ್ನು ಕಂಡು ಬಾಗಿಲು ಮುಚ್ಚಿ, ಒಳಗೆ ಕಬ್ಬಿಣದ ಚೌಕಟ್ಟನ್ನು ನಿಲ್ಲಿಸಿದರು. ಬಹುಕಾಲ ವಾದವಿವಾದಗಳಾದ ಬಳಿಕ ಕೈಗೊಂಡ ಉಪಾಯ ವಿಚಿತ್ರವಾದುದು. ಗೋಡೆಗಳನ್ನು ಏಳು ಪಟ್ಟಿಗಳಾಗಿ ಎಣಿಸಿಕೊಂಡು, ಮೇಲಿನ ಭಾಗವನ್ನು ಆ ಚೌಕಟ್ಟಿನ ಆಧಾರದಲ್ಲಿ ಎತ್ತಿ ತೂಗಿಟ್ಟು, ಒಂದೊಂದು ಪಟ್ಟಿಯನ್ನು ಬಿಚ್ಚಿ ಕಾರ್ಯಾಗಾರಕ್ಕೆ ಕೊಂಡೊಯ್ದರು. ದಿಮ್ಮಿಯ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಅಲ್ಲಿಗೆ ಹೊಸ ಮರದ ತುಂಡನ್ನು ಬೆಸೆದರು. ತೀರ ಕೆಟ್ಟುದನ್ನು ಮಾತ್ರ ಬದಲಿಸಿದರು. ಹತ್ತು ವರ್ಷಗಳಿಗೂ ಮಿಕ್ಕಿ ಈ ಕೆಲಸ ನಡೆಯಿತು. ಅದನ್ನು ಮಾಡಬೇಕಾದರೆ ಹಳೆಯ ಬಡಗಿಗಳು ಕೊಡಲಿ ಹಿಡಿದ ಬಗೆಯನ್ನು ಹೊಸ ಬಡಗಿಗಳು ದಿಮ್ಮಿಯ ಗಾಯಗಳಿಂದಲೇ ಓದಿ ಕಲಿಯಬೇಕಾಗಿತ್ತು. ಮೆಕ್ಕೆಕಟ್ಟಿನ ತಡವುವಿಕೆ ಇಲ್ಲಿಯೂ ಬಂತು. ಹಣ ಮಾತ್ರ ರಾಜ್ಯದ ಬೊಕ್ಕಸದ್ದು.

ಅದೇ ಸರೋವರದ ಮತ್ತೊಂದು ತಡಿಯಲ್ಲಿ, ಕೊಂದೊಪೊಗದಲ್ಲಿ, 1774ರ ಮರದ ಇಗರ್ಜಿಯೊಂದಿತ್ತು, 42 ಮೀಟರು ಎತ್ತರದ್ದು. 2018ರ ಆಗಸ್ಟ್ 10ರಂದು ಅದು ಸುಟ್ಟು ಬೂದಿಯಾಯಿತು. ಬೆಂಕಿ ಹಚ್ಚಿದವನು ಹದಿಹರೆಯದ ಹುಡುಗ. 244 ವರ್ಷಗಳ ಹಿಮವನ್ನೂ ಮಳೆಯನ್ನೂ ತಡೆದುಕೊಂಡುದು ಒಂದು ಹಗಲನ್ನು ತಡೆಯಲಾರದೆ ಹೋಯಿತು. ಮರದ ಪಕ್ಷವನ್ನು ವಹಿಸುವವರು ಈ ಸಂಗತಿಯನ್ನು ಬಚ್ಚಿಡಬಾರದು.

ಜಪಾನಿನ ಇಸೆಯಲ್ಲಿಯಾದರೋ ಹಳತೆಂಬುದೇ ಇಲ್ಲ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಅದೇ ಗುಡಿಯನ್ನು ಹೊಸ ಮರದಿಂದ ಕಟ್ಟಿ ದೇವತೆಯನ್ನು ಬರಮಾಡಿಕೊಂಡು ಹಿಂದಿನದನ್ನು ಬಿಚ್ಚುವರು. 2013ರಲ್ಲಿ ಆದುದು 62ನೆಯ ಸಲ. ಯುದ್ಧಗಳ ಕಾಲದಲ್ಲಿ ನೂರು ವರ್ಷಕ್ಕೂ ಮೀರಿ ಈ ಕ್ರಮ ತಪ್ಪಿಹೋಗಿದ್ದಿತು. ಆದರೂ ಮತ್ತೆ ಎತ್ತಿಕೊಂಡರು. ಇಪ್ಪತ್ತು ವರ್ಷವೆಂದರೆ ಒಬ್ಬ ಬಡಗಿ ಒಮ್ಮೆ ಶಿಷ್ಯನಾಗಿಯೂ ಇನ್ನೊಮ್ಮೆ ಮೇಸ್ತ್ರಿಯಾಗಿಯೂ ಅದೇ ಗುಡಿಯನ್ನು ಕಟ್ಟಬಹುದಾದ ಅವಧಿ. ಮುಂದಿನ ಸಲದ ಮರಕ್ಕಾಗಿ ಕಾಡನ್ನು ಬೆಳೆಸುವುದೂ ಅಲ್ಲಿ ಪೂಜೆಯ ಅಂಗವೇ.

ಇಲ್ಲಿಗೆ ವೃದ್ಧರ ಪ್ರಶ್ನೆಯ ಮುಖ ಬೇರೆಯಾಗಿ ಕಾಣುವುದು. ಹಳೆಯ ಗುಡಿಯಲ್ಲಿ ಹಳೆಯದಾಗಿದ್ದುದು ಏನು? ಸೂಕ್ಷ್ಮವಾಗಿ ನೋಡಿದರೆ ಅಜ್ಜನ ಕಾಲದ ಗುಡಿಯಲ್ಲಿಯೂ ಅಜ್ಜನಜ್ಜನ ಕಾಲದ ಮರ ಬಹಳ ಇದ್ದಿರಲಾರದು. ಪಕ್ಕಾಸುಗಳು ಎರಡು ಮೂರು ಸಲ ಬದಲಾಗಿದ್ದಿರಬೇಕು. ಇಳಿದು ಬಂದುದು ಒಂದು ಕಟ್ಟಳೆ: ಹಂಚು ಒಡೆದರೆ ಏಣಿ ಇಡಬೇಕು, ತೊಲೆ ಕೆಟ್ಟರೆ ಊರು ಸೇರಬೇಕು, ಆಚಾರಿಯನ್ನು ಕರೆಯಬೇಕು, ಮರವನ್ನು ಬೇಡಬೇಕು. ಹನ್ನೆರಡನೆಯ ಶತಮಾನದ ಶರಣರು ಸ್ಥಾವರವನ್ನೂ ಜಂಗಮವನ್ನೂ ಬೇರ್ಪಡಿಸಿ ಜಂಗಮದ ಕಡೆಗೆ ನಿಂತರು. ಮರದ ಗುಡಿಯು ಆ ಎರಡರಲ್ಲಿ ಯಾವ ಕಡೆಗೆ ಸೇರಬೇಕೆಂಬುದು ಸುಲಭವಾಗಿ ಹೇಳುವಂತಹುದಲ್ಲ. ನೋಡಲು ಅದು ನಿಂತಿರುವುದು, ಆದರೆ ತಲೆಮಾರಿಗೊಮ್ಮೆ ಕೈಯಿಂದ ಕೈಗೆ ನಡೆಯುವುದು. ನಡೆಯುವುದನ್ನು ನಿಲ್ಲಿಸಿದ ದಿನವೇ ಬೀಳುವುದು.

ಕಾಂಕ್ರೀಟು ಊರಿಗೆ ಕೊಡುವ ವಾಗ್ದಾನವೆಂದರೆ ಇನ್ನು ಮುಂದೆ ಯಾರೂ ಸೇರಬೇಕಾಗಿಲ್ಲ ಎಂಬುದು. ಆ ವಾಗ್ದಾನವೂ ಪೂರ್ತಿಯಾಗಿ ನಿಲ್ಲುವಂತಹುದಲ್ಲ. ಇಷ್ಟು ಮಳೆ ಬೀಳುವ ಸೀಮೆಯಲ್ಲಿ ಸಣ್ಣ ಬಿರುಕಿನಿಂದ ನೀರು ಒಳಗಿನ ಕಬ್ಬಿಣವನ್ನು ಮುಟ್ಟಿದರೆ ತುಕ್ಕು ಹಿಡಿದು ಉಬ್ಬಿದ ಕಬ್ಬಿಣವೇ ತನ್ನ ಸುತ್ತಲ ಗಾರೆಯನ್ನು ಒಡೆಯುವುದು. ಕೆಲವು ದಶಕಗಳಲ್ಲಿಯೇ ತಾರಸಿಯ ಅಡಿಯಿಂದ ಚಕ್ಕೆ ಬೀಳುವುದನ್ನು ಶಾಲೆ ಕಚೇರಿಗಳಲ್ಲಿ ಎಲ್ಲರೂ ಕಂಡಿದ್ದಾರೆ. ಆಗ ಒಂದು ಪಕ್ಕಾಸನ್ನು ಎಳೆದು ಇನ್ನೊಂದನ್ನು ತೂರಿಸುವಂತೆ ಇಲ್ಲ; ಸೀಳಿ ನೋಡಲು ಕೀಲಿಲ್ಲ, ಬಿಚ್ಚಲು ಬೆಣೆಯಿಲ್ಲ. ಒಡೆದು ಮತ್ತೆ ಎರೆಯುವುದೊಂದೇ ಹಾದಿ. ಮರ ತನ್ನ ರೋಗವನ್ನು ಬಿಡಿಬಿಡಿಯಾಗಿ ತೋರಿಸುವುದು, ಬಿಡಿಬಿಡಿಯಾಗಿ ವಾಸಿಮಾಡಿಕೊಳ್ಳುವುದು. ಮೊಮ್ಮಕ್ಕಳಿಗೆ ಚಿಂತೆಯಿಲ್ಲದಂತೆ ಮಾಡಿದೆವೆಂದು ಸಂತೋಷಪಡುವವರು ಮೊಮ್ಮಕ್ಕಳ ಕೈಗೆ ಏನನ್ನೂ ಕೊಡದೆ ಹೋಗುತ್ತಿರಬಹುದು.

ಹಾಗೆಂದು ಬಡ ಮನೆತನವೊಂದು ಸಾಲ ಮಾಡಿ ತೇಗದ ಮಾಡನ್ನು ಏರಿಸಬೇಕೆಂದು ವಿಧಿಸುವುದು ಪೇಟೆಯ ಅಭಿರುಚಿಯೇ ಹೊರತು ಧರ್ಮವಲ್ಲ. ಅಂತಹವರು ಮುರಕಲ್ಲಿನ ಮೇಲೆ ಸಾಧಾರಣ ಮರವನ್ನೋ, ಅದೂ ಆಗದಿದ್ದರೆ ಕಬ್ಬಿಣದ ಕೊಳವೆಗಳನ್ನೋ ಇಟ್ಟು ಹಂಚು ಹೊದಿಸಿದರೆ ದೈವ ಮುನಿಯುವುದೆಂದು ಯಾವ ಪ್ರಶ್ನೆಯಲ್ಲಿಯೂ ಕಾಣಬೇಕಾಗಿಲ್ಲ. ಹಣವಿದ್ದೂ, ಕೈಯಲ್ಲಿ ಸುಭದ್ರವಾದ ಹಳೆಯ ತೊಲೆಗಳಿದ್ದೂ, ಒಂದೆರಡು ಕೆಟ್ಟವೆಂಬ ನೆಪದಿಂದ ಎಲ್ಲವನ್ನೂ ಇಳಿಸಿ ಮಾರಿಬಿಡುವ ಊರಿನ ಮಾತು ಬೇರೆ. ಅಂತಹ ಕೆತ್ತನೆಯ ಕಂಬಗಳು ಎಲ್ಲಿಯೋ ಉಪಾಹಾರಗೃಹದ ಬಾಗಿಲಿಗೆ ಅಲಂಕಾರವಾಗಿ ನಿಂತಿರುವುದನ್ನು ನೋಡಿದರೆ ಪುರಿಯ ಸೂತಕದ ಅರ್ಥ ಥಟ್ಟನೆ ಹೊಳೆಯುವುದು.

ಕೆಟ್ಟ ತೊಲೆಯನ್ನು ಇಳಿಸಿದ ದಿನ ಅದನ್ನು ಹೊಳೆಗೆ ಬಿಡುವ ಅಥವಾ ಬೆಂಕಿಗೆ ಕೊಡುವ ಮೊದಲು ಆಚಾರಿಯು ಅಂಗಳದಲ್ಲಿ ಮಲಗಿಸಿ ಕೋಲಿನಿಂದ ಅಳೆಯುವನು. ಕೀಲಿನ ಆಳವನ್ನು ಹೊಸ ಮರದ ಮೇಲೆ ಗೀಟು ಹಾಕಿ ಗುರುತಿಸುವನು. ಮಕ್ಕಳನ್ನು ಆ ಹೊತ್ತಿಗೆ ದೂರ ಅಟ್ಟುವುದು ರೂಢಿ, ಉಳಿ ತಗಲೀತೆಂದು. ಅಟ್ಟದೆ ಒಬ್ಬನ ಕೈಗೆ ಕೋಲಿನ ಇನ್ನೊಂದು ತುದಿಯನ್ನು ಕೊಡಬಹುದು. ಅಂಗಳದ ಅಂಚಿನಲ್ಲಿ ಹಲಸಿನ ಸಸಿಯೊಂದು ತಾನಾಗಿ ಎದ್ದಿದ್ದರೆ, ಅಡಿಕೆ ಒಣಗಿಸುವಲ್ಲಿಗೆ ನೆರಳು ಬೀಳುವುದೆಂದು ಅದನ್ನು ಕೀಳುವ ಮುನ್ನ ತೊಲೆಯ ಉದ್ದವನ್ನು ಒಮ್ಮೆ ನೆನೆಯಬಹುದು. ಹಲಸು ತೊಲೆಗೆ ಬರಬೇಕಾದರೆ ಎರಡು ತಲೆಮಾರು ಹಿಡಿಯುವುದು. ಅಷ್ಟು ವರ್ಷ ಅಡಿಕೆಯನ್ನು ಒಂದಿಷ್ಟು ಆಚೆಗೆ ಹರಡಬೇಕಾದೀತು.